ಬೋರಲು ಬೋಗುಣಿ

ಕೆಲಸ ಇಷ್ಟೇ:
ಉಕ್ಕಿನದೊಂದು ಬೋಗುಣಿಯನ್ನು ಮಣ್ಣಿನ ಮೇಲೆ ಬೋರಲು ಹಾಕಿ
ಅಂಚು ಒತ್ತಿ, ಮೊಣಕಾಲೂರಿ, ಎರಡು ನಿಮಿಷ ಕಾಯುವುದು.
ಒಳಗೆ ತುಂಬುವ ಇಂಗಾಲದ ಡೈಆಕ್ಸೈಡಿಗೆ
ಬಣ್ಣವಿಲ್ಲ, ವಾಸನೆಯಿಲ್ಲ;
ಪೆಟ್ಟಿಗೆಯಲ್ಲೊಂದು ಅಂಕಿ ಏರುತ್ತದೆ,
ಎಷ್ಟು ಬೇಗ ಏರಿತೋ ಅಷ್ಟು ಜೋರು ಉಸಿರು.
ಬರೆದುಕೊಂಡು, ಮಂಡಿಯ ಮಣ್ಣು ಕೊಡವಿ, ಮುಂದಿನ ಗುರುತಿಗೆ.
ಫುರ್ನಾಸ್ ಕಣಿವೆಯಲ್ಲಿ ಅಂಥವು ನಲವತ್ತೊಂದು.

ಶಾಲೆ ಬಿಟ್ಟ ಹುಡುಗರು ಕೇಳುತ್ತಾರೆ,
"ಅಡಿಯಲ್ಲೇನು, ಕಪ್ಪೆಯಾ?"
ಹೌದು ಕಣ್ರೋ, ದೊಡ್ಡ ಕಪ್ಪೆ.
ಕೊನೆಯ ಸಲ ವಟಗುಟ್ಟಿ ನಾನ್ನೂರು ವರ್ಷವಾಗುತ್ತ ಬಂತು.

ಇಪ್ಪತ್ತೇಳನೆಯದು ಜೆನೊವೇವಾಳ ನೆಲಮಾಳಿಗೆ.
ಮೊದಲೆಲ್ಲ ಅಲ್ಲಿ ಕೆಸುವಿನ ಗೆಡ್ಡೆ ಇಡುತ್ತಿದ್ದಳು.
ಸತ್ತದ್ದು ಮೊದಲು ಇಲಿ,
ಆಮೇಲೆ ಇಲಿಯ ಹಿಂದೆ ಹೋದ ಬೆಕ್ಕು.
ತೂಕದ ಗಾಳಿ ಇದು, ನೀರಿನ ಹಾಗೆ ತಗ್ಗು ಹುಡುಕಿ
ಮಂಡಿಯೆತ್ತರ ನಿಲ್ಲುತ್ತದೆ.
ಕಳಚಿ ಬಿದ್ದ ಅಂಗಿಗುಂಡಿಗೆ ಬಗ್ಗಿದ ಡಿಯೊನಿಸಿಯುವನ್ನು
ಕಾಲು ಹಿಡಿದು ದರದರ ಎಳೆದು ಮೆಟ್ಟಿಲು ಹತ್ತಿಸಿದಳಂತೆ.
ತಲೆಯ ಗಾಯ ತೋರಿಸಿ ಇವತ್ತಿಗೂ ಆತ ಹೇಳುವುದು:
"ಇದು ಬೆಟ್ಟ ಮಾಡಿದ್ದಲ್ಲ, ಇವಳು."

ಫೆಬ್ರವರಿಯಲ್ಲಿ ಮೂರು ರಾತ್ರಿ ಅಲ್ಲಿನ ಗಂಟೆ ಕೂಗಿಕೊಂಡಿತು.
ಅಂಕಿ ಮೂರು ಪಟ್ಟು.
ಕಂಬಳಿ, ಔಷಧಿ, ಪಂಜರದ ಹಕ್ಕಿ ಸಮೇತ
ಓಣಿಯೇ ಬೀದಿಗೆ ಬಂದು ನಿಂತಿತ್ತು.
ನಾನು ಜಡಿಮಳೆಯಲ್ಲಿ ನಲವತ್ತೊಂದನ್ನೂ ಸುತ್ತಿದೆ.
ಹೊಲದಲ್ಲಿ ಉಸಿರಿಲ್ಲ, ತೋಟದಲ್ಲಿಲ್ಲ,
ಕೆರೆಯ ದಂಡೆಯಲ್ಲಿ, ಊಟದ ಪಾತ್ರೆ ಹುಗಿದು ಬೇಯಿಸುವ
ಬಿಸಿಗುಂಡಿಗಳ ಸುತ್ತ ಕೂಡ ಕಮ್ಮಿ.
ಆಮೇಲೆ ಹೊಳೆಯಿತು:
ನೆನೆದ ಮಣ್ಣು ಊರಿನ ಬಾಯಿಗಳನ್ನೆಲ್ಲ ಮುಚ್ಚಿದೆ,
ಒಣಗಿದ ಬಾಯಿ ಉಳಿದದ್ದು ಸೂರಿನ ಅಡಿಯದು ಮಾತ್ರ.
"ಮಳೆ," ಎಂದೆ. "ಮಲಗಿ ಹೋಗಿ."
ಮಲಗಿದರು.
ಆ ಒಂದು ಪದಕ್ಕೆ ಜೆನೊವೇವಾ ನನಗೆ ಬಿಸಿ ಬ್ರೆಡ್ಡು ಕಟ್ಟಿಕೊಟ್ಟಳು.

ಏಪ್ರಿಲ್. ಮಧ್ಯಾಹ್ನದ ಊಟದ ಹೊತ್ತು.
ಲೋಟಗಳು ಒಂದನ್ನೊಂದು ಮಾತಾಡಿಸಿದವು,
ಚರ್ಚಿನ ಗಂಟೆ, ಯಾರೂ ಎಳೆಯದೆ, ಒಂದೇ ಸಲ.
ಹನ್ನೊಂದು ಹೆಂಚು ಬಿತ್ತು, ಒಂದು ಗೋಡೆ. ಯಾರೂ ಸಾಯಲಿಲ್ಲ.
ಆ ವಾರವೆಲ್ಲ ಅಂಕಿಗಳು ತೆಪ್ಪಗಿದ್ದವು.

ರಾತ್ರಿ ಪುಸ್ತಕ ತೆಗೆದು ಹಿಂದಕ್ಕೆ ಮಗುಚಿದೆ.
ಒಂಬತ್ತು ದಿನದ ಹಿಂದೆ, ಹದಿನಾಲ್ಕನೆಯ ಗುರುತು:
ಅಂಕಿ ದುಪ್ಪಟ್ಟು.
ಪಕ್ಕದಲ್ಲಿ ಪೆನ್ಸಿಲಿನಲ್ಲಿ, ನನ್ನದೇ ಕೈಬರಹ, "ಮಳೆ".
ಮಳೆಮಾಪಕದ ಹಾಳೆ ಹುಡುಕಿದೆ. ಬಿದ್ದಿತ್ತು ನಿಜ,
ಎರಡು ಮಿಲಿಮೀಟರು.
ಎಲೆ ಒದ್ದೆಯಾಗುವಷ್ಟು.

ಪೊಂಟಾ ಡೆಲ್ಗಾಡಾದ ಕಚೇರಿಯವರು ಫೋನಿನಲ್ಲಿ ಸಮಾಧಾನ ಹೇಳಿದರು:
ಒಂದು ಗುರುತಿನಿಂದ ಏನೂ ಹೇಳಲಾಗದು, ಕಾಕತಾಳೀಯವಿರಬಹುದು.
ಇರಬಹುದು.
ಕಾಗೆ ಕೂತದ್ದೂ ನಿಜ, ಕೊಂಬೆ ಮುರಿದದ್ದೂ ನಿಜ.
ಅಳಿಸಲಿಲ್ಲ. ಪದದ ಮುಂದೊಂದು ಪ್ರಶ್ನೆಚಿಹ್ನೆ ಹಾಕಿದೆ.
ಆಮೇಲೆ ಫೆಬ್ರವರಿಗೆ ಹೋಗಿ
ಅಲ್ಲಿಯೂ ಒಂದು.

ಬೆಳಿಗ್ಗೆ ಜೆನೊವೇವಾ ಬಾಗಿಲು ತೆರೆದಳು. ಏನೂ ಕೇಳಲಿಲ್ಲ.
ದೀಪ ಹಿಡಿದು ಮುಂದಾಗಿ ಮೆಟ್ಟಿಲಿಳಿದಳು.
ನಾನು ಬೋಗುಣಿಗೆಂದು ಬಗ್ಗಿದಾಗ
ಹಿಂದಿನಿಂದ ನನ್ನ ಬೆಲ್ಟನ್ನು
ಬಿಗಿಯಾಗಿ ಹಿಡಿದು ನಿಂತಳು,
ಎರಡು ನಿಮಿಷವೂ.