ಬಾಕಿ ಚಿಲ್ಲರ

ಒಂದೇ ಮಾತು ಉಳದದ ಬಾಯಾಗ: ರೈಟ್.

ಹೆಸರೇನಂದ್ರ ಸೂಗಮ್ಮ ಅನ್ನಬೇಕಲ್ಲ, ರೈಟ್.
ನೀರು ಬೇಕೇನಂದ್ರ ರೈಟ್.
ಬ್ಯಾಡ ಅಂತ ಎಡಗೈ ಆಡಸ್ತೀನಿ,
ಬಾಯಿ ಮಾತ್ರ ರೈಟ್ ಅಂತದ.
ಬಿದ್ದದ್ದು ಬಲಗೈ, ಬಲಗಾಲು.
ಕೇಳಿ ಡ್ರೈವರ್ ಭೀಮಶಾ ಮೊದಲ ನಕ್ಕ,
ಆಮ್ಯಾಲ ವಾರ್ಡಿನ ಹೊರಗ ಹೋಗಿ
ಭಾಳ ಹೊತ್ತು ಒಳಗ ಬರಲಿಲ್ಲ.

ಹದಿನೇಳು ವರ್ಷ ಕಲಬುರಗಿ–ಜೇವರ್ಗಿ ಗಾಡಿ ನಂದು.
ತಲಿಯಾಗ ಎಲ್ಲಾ ಇದ್ದಲ್ಲೇ ಅದ:
ಪಾಸಿನ ಹುಡುಗರು,
ಹೆಣ್ಮಕ್ಕಳ ಸೊನ್ನಿ ಟಿಕೇಟು,
ತೊಗರಿ ಚೀಲಕ್ಕ ಲಗೇಜ್ ಯಾಕಂತ
ಇಳಿಯೂ ತನಕ ಜಗಳಾಡೂ ಮುದುಕಿ.
ಬಾಗಲ ಒಂದು ಜಾಮಾಗಿ ಕುಂತದ.

ಹನ್ನೊಂದನೇ ದಿವಸ ತಬಸ್ಸುಮ್ ಮೇಡಂ
ಗಾಲಿ ಇಲ್ಲದ ಸೈಕಲ್ ಮ್ಯಾಲ ಕೂಡಿಸಿದ್ರು.
ಬಿ.ಪಿ. ನೋಡಿದ್ರು, ಬೆರಳಿಗಿ ಕ್ಲಿಪ್ ಹಾಕಿದ್ರು,
ಜಾರೂ ಬಲಪಾದಕ್ಕ ಪಟ್ಟಿ ಬಿಗದ್ರು.
'ಕೈಕಾಲಷ್ಟೇ ಅಲ್ಲಕ್ಕ,
ಎದಿನೂ ಮಲಗೇದ ಹಾಸಿಗಿ ಮ್ಯಾಲ.
ಅದಕ್ಕೂ ಎಬ್ಬಸಬೇಕು, ಜರಾ ಜರಾ.
ದಮ್ಮು ಹತ್ತಬೇಕು,
ಮಾತಾಡ್ಲಿಕ್ಕ ಬರಬೇಕು, ಹಾಡ್ಲಿಕ್ಕ ಬರಬಾರದು,
ಅಷ್ಟು.'
ಅಂದವರೇ ನಾಲಿಗಿ ಕಚ್ಚಿಕೊಂಡ್ರು.
ನಾನಂದೆ: ರೈಟ್.

ಮೊದಲ ದಿನ ಎರಡು ನಿಮಿಷ.
ಸ್ಟ್ಯಾಂಡಿನ ಗೇಟು ಸುದ್ದಾ ದಾಟಲಿಲ್ಲ.
ಥಂಡಿ ದಿನದ ಮುಂಜಾನಿ ಗಾಡಿ ಹಂಗ
ಎದಿ ಕೆಮ್ಮಿ, ನಡುಗಿ, ಬಂದಾತು.
ಎಡಗಾಲು ದುಡೀತದ,
ಬಲಗಾಲು ಪುಕ್ಕಟ ಕುಂತು ಬರ್ತದ.
ಚೆಕಿಂಗ್‌ನೋರು ಹತ್ತಿದ್ರ ದಂಡ ಯಾರಿಗಿ?

ಗ್ವಾಡಿ ಮ್ಯಾಲ ದಣಿವಿನ ಅಂಕಿ,
ಆರರಿಂದ ಇಪ್ಪತ್ತರ ತನಕ.
'ಎಷ್ಟು ದಣದೀರಿ, ಬೆರಳಿಟ್ಟು ತೋರಸ್ರಿ.'
ಏನು ತೋರಿಸ್ಲಿ?
ನೋಟು ಮುಟ್ಟಿ ಲೆಕ್ಕ ಹೇಳ್ತಿದ್ದಾಕಿಗಿ
ಅಂಕಿ ಈಗ ಗ್ವಾಡಿ ಹತ್ತೂ ಇರುವಿ ಸಾಲು.
ಭೀಮಶಾ ಡಿಪೋದಾಗಿನ ಹಳೀ ದರಪಟ್ಟಿ ತಂದ,
ಅದರ ಮ್ಯಾಲ ಅಂಟಿಸಿದ.
ಬೆರಳಿಗಿ ದಾರಿ ಸಿಕ್ತು.
ಸುಮ್ಮ ಕುಂತ್ರ ಸ್ಟ್ಯಾಂಡು.
ಬೆನ್ನು ಬೆವರಿದ್ರ ಫರಹತಾಬಾದ.
ಕಟ್ಟಿಸಂಗಾವಿ ತೋರಿಸಿದ್ರ ಮೇಡಂ ಖುಷಿ:
ಅಷ್ಟೇ ದಮ್ಮು ಬೇಕಾದದ್ದು, ಭೀಮಾ ಸೇತುವಿ ತನಕ.
ಜೇವರ್ಗಿಗಿ ಹೋಗೂಹಂಗಿಲ್ಲ,
ಅಲ್ಲಿ ಕ್ಲಿಪ್ಪಿನ ಮಷಿನ್ ಒದರ್ತದ.

ಒಂದಿನ ಬಿ.ಪಿ. ಏರಿತ್ತು, ಗಾಡಿ ಬಿಡಲಿಲ್ಲ.
ಕಿಡಕಿ ಹತ್ರ ಕುಂತು
ರಸ್ತೆದಾಗಿನ ಹಾರ್ನು ಕೇಳಿದೆ,
ಯಾವ ಡಿಪೋದ್ದು ಯಾವುದಂತ ಹೇಳಬಲ್ಲೆ,
ಯಾರರೆ ಕೇಳಿದ್ರ, ನಾ ಹೇಳಬಲ್ಲಾಕಿ ಆಗಿದ್ರ.

ನಾಕನೇ ವಾರ. ಎಂಟನೇ ನಿಮಿಷ.
ಕುಪ್ಪಸ ಹಸಿ, ಕೂದಲ ಬುಡದಾಗ ಬೆವರು,
ಎದಿ ಟಾಪ್ ಗೇರಿಗಿ ಬಿದ್ದು
ಒಂದೇ ಸವನ ಓಡ್ಲಿಕತ್ತದ, ಹೆದರಿಕಿ ಇಲ್ಲದ.
ಸೇತುವಿ ಬಂತು. ನನಗ ಗೊತ್ತಾತು.
ಅಲ್ಲಿ ಗಾಡಿ ಸಪ್ಪಳ ಬದಲಾಗ್ತದ,
ಯಾರರೆ ಒಂದ್ರುಪಾಯಿ ಭೀಮಾದಾಗ ಒಗೀತಾರ,
'ಕೈ ಒಳಗ ತಗೋರಿ' ಅಂತ ನಾ ಬೈತೀನಿ.
ಅವಾಗ ಬಲಗಾಲು
ಯಾರೂ ಕೇಳದs ಒಂದ್ಸಲ ತಾನೇ ತುಳೀತು.

'ಎಲ್ಲಿ ಬಂದೀವಕ್ಕ?'

ತುಟಿ ರೈಟ್ ಅನ್ಲಿಕ್ಕ ತಯಾರಾಗೇ ಇತ್ತು.
ಬಂದದ್ದು: 'ಸಂಗಾ...'

ಮೇಡಂ ನಾಡಿ ಹಿಡದ ಕೈ ಬಿಡಲಿಲ್ಲ,
ಎಣಿಸೂದು ಮರತ್ರು.
ಭೀಮಶಾ ಮತ್ತ ಬಾಗಲ ಕಡಿ ಹೊಂಟ.

ಯಾಕ್ರಿ ಅವಸರ.
ಇದ್ದಷ್ಟು ಚಿಲ್ಲರ ಕೊಟ್ಟೀನಿ.
'ವಿ' ಒಂದು ಬಾಕಿ ಅದ,
ಟಿಕೇಟಿನ ಹಿಂದ ಬರದೀನಿ,
ಇಳಿಯೂ ಮುಂದ ಕೇಳಿ ಇಸ್ಕೋರಿ.