ಬೋರಲು

ಬಿಲ್ಬಾವೊದ ಈ ನೆಲಮಾಳಿಗೆಯಲ್ಲಿ
ರಾತ್ರಿ ಎರಡೂವರೆಗೆ ಎಚ್ಚರವಿರುವುದು
ಗರಾಸಿ, ಮತ್ತೆ ಅವಳ ಅಯಸ್ಕಾಂತ.
ಕೀಲಿಕೈ, ಬೆಲ್ಟಿನ ಬಕಲು, ಬ್ಯಾಂಕಿನ ಕಾರ್ಡು
ಬಾಗಿಲಾಚೆಯ ಬುಟ್ಟಿಯಲ್ಲಿ.
ಗೇಣುದ್ದದ ಗಾಜಿನ ಕೊಳವೆ, ತಳದಲ್ಲಿ ಹತ್ತು ಹನಿ ನೀರು,
ನೀರಿನಲ್ಲಿ ಒಂದು ಪ್ರೋಟೀನು,
ಒಂದಿಷ್ಟು ಗ್ಯಾಲಕ್ಟೋಸು.

ಸಕ್ಕರೆಗೆ ನೀರೆಂದರೆ ಪ್ರಾಣ
ಎಂದು ಶಾಲೆಯಲ್ಲಿ ಬರೆದಿದ್ದಳು. ಅಂಕವೂ ಸಿಕ್ಕಿತ್ತು.
ಮೈತುಂಬ ಕೈ ಅದಕ್ಕೆ, ಆಮ್ಲಜನಕದ ಕೈ,
ಎಲ್ಲವೂ ನೀರಿಗೇ ಚಾಚಿದ್ದು.
ಅದಕ್ಕೊಂದು ಹೊಟ್ಟೆಯೂ ಇದೆಯೆಂದು
ಯಾರೂ ಹೇಳಿರಲಿಲ್ಲ.
ನಾಲ್ಕನೆಯ ಇಂಗಾಲದ ಕೈ ಮೇಲಕ್ಕೆ ತಿರುಗಿ
ಕೆಳಗೆ ಬರಿಮೈ:
ಮೂರು ಹೈಡ್ರೋಜನ್ನು, ಅಷ್ಟೇ.
ನೀರಿಗೂ ಬೇಡವಾದ ಜಾಗ.

ಪ್ರೋಟೀನಿನ ಗೂಡಿನೊಳಗೆ
ಟ್ರಿಪ್ಟೊಫ್ಯಾನ್ ಚಪ್ಪಟೆಯಾಗಿ ನಿಂತಿದೆ,
ಎರಡು ಉಂಗುರ ಬೆಸೆದು ಮಾಡಿದ ಗೋಡೆ,
ಹಿಂದೂ ಮುಂದೂ ಎಲೆಕ್ಟ್ರಾನಿನ ಮಬ್ಬು.
ಪರಿಮಳವೇನಿಲ್ಲ. ಆರೊಮ್ಯಾಟಿಕ್ ಎಂಬುದು ಹಳೇ ಹೆಸರು,
ಹೆಸರಿಟ್ಟವರ ಮೂಗಿನದು.

ಸಕ್ಕರೆ ಬರುತ್ತದೆ.
ನೀರಿನಿಂದ ಮೈ ಬಿಡಿಸಿಕೊಂಡು
ಆ ಗೋಡೆಗೆ ಹೊಟ್ಟೆ ಹಚ್ಚಿ ಬೋರಲಾಗುತ್ತದೆ.
ಬಂಧ ಎಂದರೆ ದೊಡ್ಡ ಮಾತಾದೀತು.
ಒರಗಿತು. ಎದ್ದು ಹೋಯಿತು. ಇನ್ನೊಂದು ಬಂದು ಒರಗಿತು,
ಸೆಕೆಂಡಿಗೆ ಸಾವಿರ ಸಲ.

ಅವಳ ಸೋದರಮಾವ ಕೆಪಾ ಪೆಲೋಟಾ ಆಡುತ್ತಿದ್ದ,
ಬರಿಗೈ, ತೊಗಲಿನ ಚೆಂಡು, ಚರ್ಚಿನ ಪಕ್ಕದ ಗೋಡೆ.
ಚೆಂಡು ಗೋಡೆಯ ಮೇಲೆ ಎಷ್ಟು ಹೊತ್ತಿರುತ್ತದೆ, ಓಸಬಾ?
ಏಳು ವರ್ಷದವಳು ಕೇಳಿದ್ದಳು.
ಊದಿದ ಅಂಗೈಯನ್ನು ಮಂಜುಗಡ್ಡೆಯ ಬಕೆಟ್ಟಿಗೆ ಅದ್ದಿ
'ಇರುವುದೇ ಇಲ್ಲ' ಅಂದಿದ್ದ.
ಆಮೇಲೆ, ಇನ್ನೊಂದು ಕೈಯಿಂದ ಚೆಂಡು ತೋರಿಸಿ,
'ಸುಣ್ಣ ಮಾತ್ರ ಅಂಟಿಕೊಂಡು ಬರುತ್ತದೆ, ನೋಡು.'

ಪರದೆಯ ಮೇಲೆ ಸಕ್ಕರೆಯ ಶಿಖರಗಳು.
ಬೆಟ್ಟಸಾಲು ನಿನ್ನೆಯದೇ, ಹಾಗೇ ಇದೆ,
ಮೂರು ಮಾತ್ರ
ಕೂದಲೆಳೆಯಷ್ಟು ಬಲಕ್ಕೆ ಸರಿದಿವೆ.
ಉಂಗುರದ ನೆರಳಲ್ಲಿ ಇದ್ದು ಬಂದವು.
ಗರಾಸಿ ಕುರ್ಚಿ ಬಿಟ್ಟು ಏಳುವುದಿಲ್ಲ.
ಕಳೆದ ವಾರ ಅದೇ ಟ್ರಿಪ್ಟೊಫ್ಯಾನನ್ನು ಕಿತ್ತು
ಪುಟ್ಟ ಅಲನೀನ್ ಇಟ್ಟು ನೋಡಿದ್ದಳು.
ಸುತ್ತ ಕೈ ಹಿಡಿಯುವವರೆಲ್ಲ ಹಾಗೇ ಇದ್ದರು.
ಸಕ್ಕರೆ ನಿಲ್ಲಲಿಲ್ಲ.

ನೋಟುಪುಸ್ತಕದಲ್ಲಿ ಬರೆಯುತ್ತಾಳೆ
ಗಂಟೆ, ತಾಪಮಾನ, ಸರಿದ ದೂರ.
ಷರಾ ಎಂಬಲ್ಲಿ: ಸುಣ್ಣ.
ಬೆಳಿಗ್ಗೆ ಮೇಲಿನವರು ಇದೇನು ಎಂದಾರೆಂದು
ಅದನ್ನು ಹೊಡೆದುಹಾಕಿ,
ಕೊಳವೆ ಬದಲಿಸಲು ಏಳುತ್ತಾಳೆ.