ಗುರುವಾರದ ಬಾಟಲಿ

ಉಣಕಲ್ಲ ನಾಲಾದಾಗ ಮಕ್ತುಮಸಾಬ
ಮೊಣಕಾಲಮಟ ನಿಂತು ಚಾಳಣಿ ಆಡಸ್ತಾನ.
ಕರಿ ರಾಡಿ ಸೋರಿ ಹೋದ ಮ್ಯಾಲ
ತಳಕ್ಕ ಒಂದು ಕೆಂಪು ಮುದ್ದಿ.
ಮೊದಲ ಸಲ ನಾ ಅಂದಿದ್ದೆ: ಯಾರದೋ ಸ್ವೆಟರ್ ಹರದು ಬಂದದ.
"ನೂಲಲ್ಲಬೇ, ಹುಳ. ಪಾವಕಿಲೋಕ ನೂರಾ ಎಂಬತ್ತು.
ಮೀನಂಗಡಿಯವ್ರು ಚೌಕಾಶಿ ಮಾಡಂಗಿಲ್ಲ, ಸರಕಾರದವ್ರಿಗೇನ ಧಾಡಿ?"

ಚಿಗರಿ ಬಸ್ಸು. ತೊಡಿ ಮ್ಯಾಲ ಬಾಟಲಿ.
ಬಾಜೂಕ ಕುಂತಾಕಿ ಬಗ್ಗಿ ಕೇಳ್ತಾಳ: ಗುಲ್ಕಂದೇನ್ರಿ?
ಹೂಂ ಅಂತೀನಿ.

ಧಾರವಾಡದಾಗ, ಮಾಳಗಿ ಮ್ಯಾಲಿನ ಖೋಲಿಯೊಳಗ
ಹೊಂಬಳ ಮೇಡಂ ಅವನ್ನ ಎರಡು ಗಾಜಿನ ಬಿಲ್ಲಿ ನಡಕ ಹಾಕಿ
ತಿರವತಾರ, ಭಾಳ ಸಾವಕಾಶ,
ಉಂಡಿ ಕಟ್ಟಾಕಿ ಪಾಕದ ಎಳಿ ನೋಡಿದಂಗ.
ಥಂಡಿ ಇದ್ರ ಮಂದ. ಬೆಚ್ಚಗಾದ್ರ ತೆಳ್ಳಗ.
ನೀರಿಗೆ ನಾಕು ಹನಿ ಸ್ಪಿರಿಟ್ ಬಿಟ್ರ
ಅಮಲೇರಿ ಬೀಳ್ತಾವ; ಮಶಿನ್ನಿಗೂ ತಿರವಾಕ ಜಡ ಆಗ್ತದ.
ತೊಳದ್ರ ಮತ್ತ ಏಳ್ತಾವ.
ನಮ್ಮನಿಯಾಂವ ಇಷ್ಟ ಲಗೂ ಎದ್ದದ್ದು ನಾ ಕಂಡಿಲ್ಲ.

ಬೋರ್ಡಿನ ಮ್ಯಾಲ ಮೇಡಂ ಬರದಿದ್ರು: ಸಮತೋಲ ಇಲ್ಲ.
ತಕ್ಕಡಿ ಬಗ್ಗೆ ತಕರಾರು ಅಂತ
ಮೂರು ಸಲ ಅದನ್ನ ಒರಸಿ ಇಟ್ಟೆ.
ನಕ್ಕು ಹೇಳಿದ್ರು, "ತಕ್ಕಡಿ ಅಲ್ಲವಾ ಯಲ್ಲೂಬಾಯಿ,
ಉಂಡು, ಉಸಿರಾಡಿ, ಸುಮ್ಮ ಕೂಡಲಾರದ ನೂಲಿನ ಲೆಕ್ಕ ಇದು."

ಮೊನ್ನಿ ಶ್ರಾವಣದ ರಾತ್ರಿ ಕರೆಂಟ್ ಹೋತು, ಗಾಳಿ ಪಂಪು ನಿಂತ್ತು.
ಮುಂಜಾನೆ ಒಂದು ಬೀಕರಿನಾಗ ಎಲ್ಲಾ ಸತ್ತಿದ್ದು.
ಹೇರ್‌ಪಿನ್ನಿಲೆ ಬಿಡಸಾಕ ನೋಡಿದೆ,
ಬಾಚಣಿಕಿ ಸೋತ ಜಡೀಗತೆ,
ಎಳದ್ರ ಹರೀತು, ಬಿಡಲಿಲ್ಲ.
ಬಾಜೂದ ಬೀಕರಿನಾಗಿನವು ಜೀವಂತ,
ಅಷ್ಟ ಗಂಟು, ಅಷ್ಟ ಸಿಕ್ಕು;
ಬೆಚ್ಚನ ನೀರು ಹಾಕಿ ನಾ ಎರಡು ಚಾದ ಕಪ್ಪು ತೊಳಿಯೂದರಾಗ
ತಾವ ಜಾರಿ, ತಾವ ನುಸುಳಿ, ಬ್ಯಾರಿ ಬ್ಯಾರಿ.
ರಜಿಸ್ಟರಿನಾಗ ಬರದೆ: ಸತ್ತವು, ಗಂಟು. ಬಿಚ್ಚಲಿಲ್ಲ.
ಮೇಡಂ ಅದನ್ನೂ ಅಳದ್ರು.

ಈ ಗುರುವಾರ ಮತ್ತ ಅಕೀನ. ಮತ್ತ: ಗುಲ್ಕಂದೇನ್ರಿ?
ಮುಚ್ಚಳ ತಗದು ತೋರಿಸಿದೆ.
ಸೆರಗು ಮೂಗಿಗೆ ಹೋತು, ಕಣ್ಣು ಬಾಟಲೀಗೆ.
"ಏಸು ಗಂಟರಿ ಯವ್ವಾ! ಹೆಂಗ ಬಿಡಸ್ತೀರಿ?"
ನಾ ಬಿಡಸಂಗಿಲ್ಲ ಅಂದೆ. ಬಸ್ಸಿನ ಎ.ಸಿ. ತಾಗದಂಗ
ಕಿಡಕಿಯ ಬಿಸಿಲಿಗೆ ಹಿಡದೆ.
ರಾಯಾಪುರ ಹೋತು. ಸತ್ತೂರು ಹೋತು.
ಮುದ್ದಿಯ ಅಂಚಿನಿಂದ ಒಂದು ಕೆಂಪೆಳಿ
ಹೊರಗ ಬಂತು, ತಡವರಿಸ್ತು,
ಅದರ ಹಿಂದ ಇನ್ನೊಂದು.
ನವಲೂರಾಗ ಇಳಿಯೂದಿತ್ತಂತ ಅಕಿಗೆ.
ಬಾಗಲಾ ಹಾಕ್ಕೊಂಡ ಮ್ಯಾಲ ನೆನಪಾತು.